ಕಟ್ಟಿ ಮುಗಿಸಿದವರ ಮನ್ನಣೆ

ಕಾರ್ಯಕ್ಕೆ ಅಡಿಗಲ್ಲು ಇಟ್ಟವರ ಹೆಸರು ನಿಲ್ಲುವದು. ಅದನ್ನು ಕಡೆಮುಟ್ಟಿಸಿದವರ ಹೆಸರು ಮರೆತುಹೋಗುವದು. ಇದು ಲೋಕದ ರೂಢಿಯಾದರೂ ನ್ಯಾಯವಲ್ಲ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನಿರ್ದೇಶಕ ಪದವಿಯಿಂದ 1990ರಲ್ಲಿ ನಿವೃತ್ತರಾದ ಪ್ರೊ. ಜೆ. ಸಿ. ಭಟ್ಟಾಚಾರ್ಯರನ್ನು ನೆನೆವಾಗಲೆಲ್ಲ ಈ ಮಾತು ನಮ್ಮ ಮನಸ್ಸಿಗೆ ಬರುವದು.

ಜವಾದಿ ಬೆಟ್ಟಗಳ ಕಾವಲೂರು ವೇಧಶಾಲೆಯಲ್ಲಿ ದೊಡ್ಡ ದೂರದರ್ಶಕವೊಂದನ್ನು ನಿಲ್ಲಿಸಬೇಕೆಂಬದು ವೇಣು ಬಾಪು ಅವರ ಕನಸು. 2.34 ಮೀಟರು ಅಗಲದ ಅದರ ಕನ್ನಡಿ ನಮ್ಮ ಕಣ್ಣಪಾಪೆಗಿಂತ ಲಕ್ಷಪಾಲು ಹೆಚ್ಚು ಬೆಳಕನ್ನು ಕೂಡಿಸಬಲ್ಲದು. ಆ ಗಾಜನ್ನು ಉಜ್ಜಿ ಹದಗೊಳಿಸಿದ್ದು ಪರದೇಶದಲ್ಲಲ್ಲ, ಬೆಂಗಳೂರಿನಲ್ಲಿಯೇ. ಆದರೆ ಕೆಲಸ ನಡೆದಿರುವಾಗಲೇ, 1982ರ ಆಗಸ್ಟ 19ರಂದು, ಬಾಪು ಅವರು ಮ್ಯೂನಿಕ್ ನಗರದಲ್ಲಿ ಕಾಲವಾದರು. ನೊಗವು ಭಟ್ಟಾಚಾರ್ಯರ ಹೆಗಲಿಗೆ ಬಂದಿತು. ಅವರು ಅದನ್ನು ಕೆಳಗಿಳಿಸಲಿಲ್ಲ. 1986ರ ಜನವರಿ 6ರಂದು ದೂರದರ್ಶಕವು ರಾಷ್ಟ್ರಕ್ಕೆ ಅರ್ಪಿತವಾಯಿತು. ಅದಕ್ಕಿಟ್ಟ ಹೆಸರು ಬಾಪು ಅವರದು. ಮುಗಿಸಿದವರು ಹಿಂದೆ ನಿಂತರು.

ಅವರು ಬರಿಯ ಆಡಳಿತಗಾರರೆಂದು ಯಾರೂ ಎಣಿಸಬಾರದು. 1977ರ ಮಾರ್ಚ 10ರ ರಾತ್ರಿ ಯುರೇನಸ್ ಗ್ರಹವು ನಕ್ಷತ್ರವೊಂದನ್ನು ಮರೆಮಾಡುವ ಹೊತ್ತಿನಲ್ಲಿ ಅವರು ಕಾವಲೂರಿನಿಂದ ಆ ನಕ್ಷತ್ರವನ್ನು ಕಾದು ನೋಡಿದರು. ಗ್ರಹವಲ್ಲದ ಬೇರೊಂದು ವಸ್ತುವು ಆ ನಕ್ಷತ್ರದ ಬೆಳಕನ್ನು ಕೆಲ ಕ್ಷಣ ತಡೆಯಿತು. ಅದು ಹೊಸ ಉಪಗ್ರಹವಿರಬೇಕೆಂದು ಮೊದಲು ಎಣಿಸಲಾಯಿತು. ಯುರೇನಸ್ಸಿನ ಸುತ್ತ ಉಂಗುರಗಳಿವೆಯೆಂದು ಜಗತ್ತು ಅರಿತದ್ದು ಅದೇ ರಾತ್ರಿಯ ವೇಧಗಳಿಂದ. ಕಾವಲೂರಿನ ದಾಖಲೆಯೂ ಅದಕ್ಕೆ ಸಾಕ್ಷಿಯಾಯಿತು.

ದೂರದ ಕಾವಲೂರಿಗೂ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಿಗೂ ಏನು ಸಂಬಂಧವೆಂದು ಕೆಲವರು ಕೇಳಿಯಾರು. 1980ರ ಫೆಬ್ರುವರಿ 16ರ ಮಧ್ಯಾಹ್ನವನ್ನು ಅವರು ನೆನೆಯಲಿ. ಅಂದು ಖಗ್ರಾಸ ಸೂರ್ಯಗ್ರಹಣದ ನೆರಳು ಅಂಕೋಲೆಯ ಕಡಲತಡಿಯಿಂದ ಯಲ್ಲಾಪುರದ ಅಡವಿಗಳನ್ನು ಹಾದು ಹುಬ್ಬಳ್ಳಿಯ ಕಡೆಗೆ ಸರಿಯಿತು. ಇದೇ ಸಂಸ್ಥೆಯ ವಿದ್ವಾಂಸರು ಕರ್ನಾಟಕದಲ್ಲಿ ಬೀಡುಬಿಟ್ಟು ಸೂರ್ಯನ ಕಿರೀಟಪ್ರಭೆಯನ್ನು ಅಳೆಯುತ್ತಿದ್ದರು; ಊರೂರಿನ ಜನರೋ ಕದವಿಕ್ಕಿ ಒಳಗೆ ಕುಳಿತಿದ್ದರು! ವಿದ್ಯೆಯು ನಮ್ಮ ಅಂಗಳಕ್ಕೇ ಬಂದಿರಲು ನಾವು ಬಾಗಿಲು ಹಾಕಿಕೊಂಡೆವು. ತಪ್ಪು ಜನರದಷ್ಟೇ ಅಲ್ಲ. ಆ ವಿದ್ಯೆಯು ಅವರ ಮಾತಿನಲ್ಲಿ ಅವರ ಮನೆಗೆ ಮುಟ್ಟಿರಲಿಲ್ಲ.

ಇಲ್ಲಿಯೇ ನಮ್ಮ ಶಿಕ್ಷಕಬಂಧುಗಳ ಕಾರ್ಯವಿರುವದು. ಜ್ಯೋತಿರ್ವಿದನಿಗೆ ಶಾಲು ಹೊದಿಸಿ, ಫಲತಾಂಬೂಲವಿತ್ತು, ನಾಲ್ಕು ಭಾಷಣ ಮಾಡಿ ಕಳುಹುವದು ಸುಲಭ. ಅವನ ಕೆಲಸವನ್ನು ಮುಂದುವರಿಸುವದೇ ನಿಜವಾದ ಸನ್ಮಾನ. ಪೇಟೆಯ ದೀಪಗಳಿಂದ ಒಂದೆರಡು ಮೈಲು ದೂರ ನಡೆದರೆ ನಮ್ಮ ಮಲೆಸೀಮೆಯಲ್ಲಿ ಇನ್ನೂ ಕತ್ತಲೆಯಿದೆ. ಮಾಗಿಯ ರಾತ್ರಿಗಳಲ್ಲಿ ಆಕಾಶವು ಶುಭ್ರವಾಗಿರುವದು. ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಕೃತ್ತಿಕೆ, ರೋಹಿಣಿ, ಮೃಗಶಿರಗಳನ್ನು ಬೊಟ್ಟುಮಾಡಿ ತೋರಿಸಲು ಕಾಸಿನ ವೆಚ್ಚವೂ ಇಲ್ಲ. ಗ್ರಹಣವೆಂದರೆ ನೆರಳೆಂದು ತಿಳಿಯಾದ ಕನ್ನಡದಲ್ಲಿ ಹೇಳಲು ಹೊರಗಿನ ಅಪ್ಪಣೆಯೂ ಬೇಕಿಲ್ಲ.

ಒಬ್ಬರ ಕನಸನ್ನು ಮತ್ತೊಬ್ಬರು ಹೊತ್ತು ಮುಗಿಸಿದ್ದರಿಂದಲೇ ಕಾವಲೂರಿನ ಕಣ್ಣು ತೆರೆಯಿತು. ಆ ಕಣ್ಣು ಕಂಡದ್ದನ್ನು ನಮ್ಮ ಮಕ್ಕಳಿಗೆ ಮುಟ್ಟಿಸುವ ಕೊನೆಯ ಕೆಲಸವಿನ್ನೂ ಉಳಿದಿದೆ. ಅದನ್ನು ಮುಗಿಸುವವರ ಹೆಸರು ಶಿಲೆಯ ಮೇಲೆ ಬರಲಿಕ್ಕಿಲ್ಲ. ಭಟ್ಟಾಚಾರ್ಯರೂ ಅದನ್ನು ಬಯಸಿದವರಲ್ಲ.