ಮರಿ ಸತ್ತಿದ್ದು ದೃಷ್ಟಿಯಿಂದ ಅಲ್ಲ

 

ಹೋದ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ 17 ಕೋಳಿಮರಿಗಳು ಸತ್ತವು. ಕ್ಲಾಸಿನಲ್ಲಿ ಕೇಳಿದವರಿಗೆ ನಾನು "ಯಾರದೋ ದೃಷ್ಟಿ ಆಯ್ತಂತೆ" ಎಂದು ಹೇಳಿದ್ದೆ. ಅದು ಸುಳ್ಳು. ನಿಜ ಏನೆಂದು ಈಗ ಬರೆಯುತ್ತಿದ್ದೇನೆ.

ನಮ್ಮವ್ವ ಸಂಘದಲ್ಲಿ ಸಾಲ ತೆಗೆದು 50 ಗಿರಿರಾಜ ಮರಿ ತಂದಿದ್ದಳು. ಗಿರಿರಾಜ ಎಂದರೆ ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳೆಸಿದ ತಳಿ. ನಾಟಿ ಕೋಳಿ ಥರ ಬಣ್ಣಬಣ್ಣ ಇರುತ್ತದೆ, ಬೇಗ ತೂಕ ಬರುತ್ತದೆ. ಒಂದು ದಿನದ ಮರಿಗೆ ತಾಯಿ ಇಲ್ಲವಲ್ಲ, ಅದಕ್ಕೆ ನಾವೇ ಕಾವು ಕೊಡಬೇಕು. ಕಾವು ಕೊಡುವ ಜಾಗಕ್ಕೆ ಬ್ರೂಡರ್ ಎನ್ನುತ್ತಾರೆ. ನಾವು ಕೊಟ್ಟಿಗೆಯ ಮೂಲೆಯಲ್ಲಿ ತಗಡನ್ನು ದುಂಡಗೆ ನಿಲ್ಲಿಸಿ, ಕೆಳಗೆ ಎರಡು ಇಂಚು ಭತ್ತದ ಹೊಟ್ಟು ಹರಡಿ, ಮೇಲಿಂದ ಬಲ್ಬು ಇಳಿಬಿಟ್ಟೆವು. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತೆ, ಕಾವು ಕೊಡಲ್ಲ. ಅದಕ್ಕೇ ಕೈ ಇಟ್ಟರೆ ಸುಡುವ ಹಳೇ ಥರದ ಬಲ್ಬನ್ನೇ ಹುಡುಕಿ ತಂದೆವು.

ಕಾವಿನ ವಿಷಯದಲ್ಲಿ ನಾವು ತಪ್ಪು ಮಾಡಲಿಲ್ಲ. ಮೊದಲನೇ ವಾರ 95 ಡಿಗ್ರಿ ಫ್ಯಾರನ್‌ಹೀಟ್ ಬೇಕು, ಆಮೇಲೆ ವಾರಕ್ಕೆ 5 ಡಿಗ್ರಿಯಂತೆ ಇಳಿಸಬೇಕು. ಮರಿಗಳೇ ಅದನ್ನು ಹೇಳುತ್ತವೆ. ಎಲ್ಲಾ ಬಲ್ಬಿನ ಕೆಳಗೆ ಗುಂಪು ಕೂಡಿದರೆ ಚಳಿ. ತಗಡಿನ ಅಂಚಿಗೆ ಹೋಗಿ ಬಾಯಿ ಬಿಟ್ಟರೆ ಸೆಕೆ. ಹರಡಿಕೊಂಡು ಮೇಯ್ತಾ ಇದ್ದರೆ ಸರಿ. ನಮ್ಮಣ್ಣ ರಾತ್ರಿ ಎರಡು ಸಲ ಎದ್ದು ನೋಡುತ್ತಿದ್ದ.

ಕ್ಲೀನ್ ಮಾಡುವುದು ನನ್ನ ಕೆಲಸ ಆಗಿತ್ತು. ಮೂರನೇ ವಾರದಲ್ಲಿ ಶಾಲೆಯಲ್ಲಿ ಖೋಖೋ ಪಂದ್ಯ ಬಂತು. ಮೂರು ದಿನ ನಾನು ಹಿಕ್ಕೆ ತೆಗೆಯಲಿಲ್ಲ, ನೀರಿನ ಡಬ್ಬ ತೊಳೆಯಲಿಲ್ಲ. ಬರೀ ನೀರು ಸುರಿದು ಓಡಿಬಿಟ್ಟೆ. ಅದೇ ಹೊತ್ತಿಗೆ ಜಡಿಮಳೆ ಹಿಡಿಯಿತು. ಚಳಿ ಆಗುತ್ತದೆಂದು ಎಲ್ಲರೂ ಸೇರಿ ತಗಡಿನ ಮೇಲೆ ಪ್ಲಾಸ್ಟಿಕ್ ಹೊದಿಸಿದೆವು. ಬೆಳಿಗ್ಗೆ ತೆಗೆದರೆ ಪ್ಲಾಸ್ಟಿಕ್ಕಿನ ಒಳಗಡೆ ಬೆವರಿನಂತೆ ಹನಿ. ಕಣ್ಣು ಉರಿಯುವಷ್ಟು ಘಾಟು. ಹೊಟ್ಟು ಕಾಲಿಗೆ ಅಂಟುತ್ತಿತ್ತು.

ಒಂದು ವಾರ ಕಳೆದ ಮೇಲೆ ಮರಿಗಳು ರೆಕ್ಕೆ ಇಳಿಬಿಟ್ಟು ತೂಕಡಿಸಿದವು. ಹಿಕ್ಕೆಯಲ್ಲಿ ರಕ್ತ ಕಂಡಿತು. ಅಜ್ಜಿ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದಳು. ಪಶುವೈದ್ಯರು ಬಂದು ನೋಡಿ, ನೀರಿಗೆ ಹಾಕಲು ಔಷಧಿ ಕೊಟ್ಟು, ಒಂದು ಹಿಡಿ ಹೊಟ್ಟನ್ನು ತೆಗೆದು ಹಿಂಡಿದರು. ಅದು ಉಂಡೆ ಕಟ್ಟಿತು. "ಇದೇ ನೋಡಮ್ಮ ಕಾರಣ" ಅಂದರು. ರೋಗದ ಹೆಸರು ಕಾಕ್ಸಿಡಿಯೋಸಿಸ್, ಅಂದರೆ ರಕ್ತಭೇದಿ. ಕಣ್ಣಿಗೆ ಕಾಣದ ಪರಾವಲಂಬಿ ಜೀವಿ ಹಿಕ್ಕೆಯಲ್ಲಿ ಬರುತ್ತದೆ. ಬೆಚ್ಚಗೆ, ಒದ್ದೆಯಾಗಿ ಇದ್ದರೆ ಒಂದೆರಡು ದಿನದಲ್ಲೇ ಬಲಿತು, ಮರಿ ಕೆದಕಿ ತಿಂದಾಗ ಹೊಟ್ಟೆಗೆ ಸೇರುತ್ತದೆ. ಮೂರು ದಿನ ನಾನು ಬಿಟ್ಟಿದ್ದು ಅದಕ್ಕೆ ಸಾಕಾಯಿತು.

ಅಜ್ಜಿ ಕೇಳಿದಳು, "ನಮ್ಮ ನಾಟಿ ಕೋಳಿ ತಿಪ್ಪೆ ಮೇಲೇ ಮರಿ ಸಾಕಲ್ವಾ? ಅಲ್ಲಿ ಯಾರು ಕಸ ಹೊಡೀತಾರೆ?" ಈ ಮಾತು ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಆದರೆ ತಾಯಿಕೋಳಿ ಮರಿಗಳನ್ನು ದಿನಾ ಹೊಸ ಜಾಗಕ್ಕೆ ಕರಕೊಂಡು ಹೋಗುತ್ತದೆ. ಅವು ತಮ್ಮ ಹಿಕ್ಕೆಯ ಮೇಲೇ ಹಗಲೂ ರಾತ್ರಿ ನಿಲ್ಲುವುದಿಲ್ಲ. ನಾವು 50 ಮರಿಯನ್ನು ಒಂದೇ ಮೂಲೆಯಲ್ಲಿ ಕೂಡಿಹಾಕಿದ್ದೇವೆ. ಕೂಡಿಹಾಕಿದ ಮೇಲೆ ಚೊಕ್ಕಟ ಇಡುವ ಜವಾಬ್ದಾರಿ ನಮ್ಮದೇ.

ನಮ್ಮೂರಲ್ಲಿ ಮರಿ ಸತ್ತರೆ ಎಲ್ಲರೂ ಚಳಿ ಅಂತಾರೆ, ಇಲ್ಲಾಂದ್ರೆ ದೃಷ್ಟಿ ಅಂತಾರೆ. ಒದ್ದೆ ಎಂದು ಯಾರೂ ಹೇಳುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಕಾವಿನಷ್ಟೇ ಒಣಗಿದ ನೆಲವೂ ಮುಖ್ಯ. ಅದಕ್ಕೆ ದುಡ್ಡೇನೂ ಬೇಕಿಲ್ಲ. ದಿನಾ ಬೆಳಿಗ್ಗೆ ಕಾಲು ಗಂಟೆ ಸಾಕು. ನೀರಿನ ಡಬ್ಬ ತೊಳೆದು ಇಟ್ಟಿಗೆ ಮೇಲೆ ಇಡಬೇಕು. ಅದರ ಸುತ್ತ ಒದ್ದೆಯಾದ ಹೊಟ್ಟು ತೆಗೆದು ಒಣ ಹೊಟ್ಟು ಹಾಕಬೇಕು. ಉಳಿದದ್ದನ್ನು ಕೈಯಾಡಿಸಿ ಮೇಲೆ ಕೆಳಗೆ ಮಾಡಬೇಕು. ಮರಿ ಬೆಳೆದಂತೆ ತಗಡನ್ನು ಅಗಲ ಮಾಡಬೇಕು. ಗಾಳಿಯಾಡಲು ಜಾಗ ಬಿಡಬೇಕು, ಪ್ಲಾಸ್ಟಿಕ್ ಬೇಡ. ಬಗ್ಗಿ ಮರಿಯ ಎತ್ತರದಲ್ಲಿ ಮೂಸಿ ನೋಡಬೇಕು, ಯಾಕೆಂದರೆ ಮರಿಗೆ ತಟ್ಟುವ ಘಾಟು ನಿಂತವರ ಮೂಗಿಗೆ ಗೊತ್ತಾಗಲ್ಲ. ಕೊನೆಗೆ ಸೋಪು ಹಾಕಿ ಕೈ ತೊಳೆಯಬೇಕು.

ಇನ್ನೊಂದು ಮಾತು. ಮೂರು ದಿನ ನಾನು ಇಲ್ಲದಾಗ ಅಣ್ಣ ಯಾಕೆ ಹಿಕ್ಕೆ ತೆಗೆಯಲಿಲ್ಲ? ಕೇಳಿದ್ದಕ್ಕೆ "ಅದು ಹುಡುಗೀರ ಕೆಲಸ" ಅಂದ. ರಾತ್ರಿ ಎದ್ದು ಬಲ್ಬು ನೋಡುವುದು ಗಂಡಸಿನ ಕೆಲಸ, ಹಿಕ್ಕೆ ತೆಗೆಯುವುದು ಹುಡುಗಿಯ ಕೆಲಸ ಎಂದು ಮರಿಗೆ ಗೊತ್ತಿದೆಯಾ? ತಪ್ಪು ನನ್ನದು, ಒಪ್ಪುತ್ತೇನೆ. ಆದರೆ ಇಷ್ಟು ದೊಡ್ಡ ಕೆಲಸವನ್ನು ಸಣ್ಣ ಕೆಲಸ ಎಂದು ಒಬ್ಬಳಿಗೇ ಬಿಟ್ಟಿದ್ದು ಮನೆಯವರೆಲ್ಲರ ತಪ್ಪು.

ಈಗಲೂ ಅವ್ವ ವಾರಾ ವಾರಾ ಸಂಘಕ್ಕೆ ಕಂತು ಕಟ್ಟುತ್ತಿದ್ದಾಳೆ. ಸತ್ತ ಮರಿಗೂ ಕಂತು ಇದೆ. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ.

ಹಳೇ ಹೊಟ್ಟನ್ನೆಲ್ಲಾ ತಿಪ್ಪೆಗೆ ಹಾಕಿ, ತಗಡನ್ನು ತೊಳೆದು ಬಿಸಿಲಿಗೆ ಇಟ್ಟು, ಗೋಡೆಗೆ ಸುಣ್ಣ ಬಳಿದಿದ್ದೇವೆ. ಮುಂದಿನ ತಿಂಗಳು ಹೊಸ ಮರಿ ಬರುತ್ತವೆ. ಈ ಸಲ ಒಂದು ದಿನ ನಾನು, ಒಂದು ದಿನ ಅಣ್ಣ ಎಂದು ಕ್ಯಾಲೆಂಡರಿನಲ್ಲಿ ಬರೆದಿದ್ದೇವೆ. ವಿಜ್ಞಾನದ ಗುರುಗಳಲ್ಲಿ ಒಂದು ವಿನಂತಿ. ಶಾಲೆಯ ಥರ್ಮಾಮೀಟರನ್ನು ಒಂದು ದಿನದ ಮಟ್ಟಿಗೆ ಕೊಟ್ಟರೆ ಬ್ರೂಡರಿನ ಕಾವು ಅಳೆದು, ಜೋಪಾನವಾಗಿ ವಾಪಸ್ಸು ತಂದುಕೊಡುತ್ತೇನೆ.

ಬರೆದದ್ದರಲ್ಲಿ ತಪ್ಪಿದ್ದರೆ ಕ್ಷಮಿಸಿ.

— 7ನೇ ತರಗತಿ ವಿದ್ಯಾರ್ಥಿನಿ