ಕೂಸಿನ ಆರೈಕೆ ಯಾರ ಕಾಯಕ?

ಲಿಂಗಾಯತರ ಮನೆಗಳಲ್ಲಿ ಕೂಸು ಹುಟ್ಟಿದ ಕೆಲವೇ ದಿನಗಳಲ್ಲಿ ಲಿಂಗಧಾರಣೆಯಾಗುತ್ತದೆ. ಹೆಣ್ಣು, ಗಂಡೆಂಬ ಭೇದ ಅಲ್ಲಿಲ್ಲ. ಭೇದವಿರುವುದು ಆ ಕೂಸನ್ನು ಎತ್ತಿಕೊಳ್ಳುವ ಕೈಗಳಲ್ಲಿ.

ರೋಣ, ನರಗುಂದಗಳ ಎರೆಹೊಲಗಳಲ್ಲಿ ಹತ್ತಿ ಬಿಡಿಸಲು ಹೋಗುವ ತಾಯಿ ಗಿಡದ ನೆರಳಿನಲ್ಲಿ ಸೀರೆಯ ಜೋಳಿಗೆ ಕಟ್ಟಿ ಕೂಸನ್ನು ಮಲಗಿಸುತ್ತಾಳೆ. ಗಜೇಂದ್ರಗಡದ ನೇಕಾರರ ಮನೆಯಲ್ಲಿ ಕಂಡಿಕೆ ಸುತ್ತುವ ಕೈಯೇ ತೊಟ್ಟಿಲನ್ನೂ ತೂಗುತ್ತದೆ. ಬೆಳಗಿನ ರೊಟ್ಟಿ, ನೀರು, ಕೂಸಿಗೆ ಎರೆಯುವುದು ಎಲ್ಲವೂ ಅವಳ ಪಾಲಿಗೇ. ಅದೇ ಹೊತ್ತಿಗೆ ಪೂಜೆಗೆ ಕುಳಿತ ತಂದೆ, ಕೂಸು ಅತ್ತರೆ, ಅದನ್ನು ಸುಮ್ಮನಿರಿಸೆಂದು ಒಳಗಿನಿಂದಲೇ ಕೂಗುತ್ತಾನೆ.

ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ಬಿದ್ದರೂ ನುಲಿಯ ಚಂದಯ್ಯನವರು ಕಾಯಕವನ್ನು ಬಿಡಲಿಲ್ಲವೆಂಬ ಪ್ರಸಂಗವು ಶರಣಬಂಧುಗಳಿಗೆಲ್ಲ ತಿಳಿದಿದೆ. ಹುಲ್ಲಿಗೆ ಸಂದ ಆ ಮನ್ನಣೆ ಹಸಿದ ಕೂಸಿಗೆ ಸಲ್ಲದೆ? ಆರೈಕೆಯು ಕಾಯಕವೆಂದಾದರೆ, ಅತ್ತ ಕೂಸಿಗಾಗಿ ಪೂಜೆಯಿಂದೆದ್ದ ತಂದೆಗೆ ಯಾವ ಲೋಪವೂ ತಟ್ಟದು. ಏಳದವನಿಗೇ ಅದು ತಟ್ಟುತ್ತದೆ.

ದುಡಿಯುವ ತಾಯಂದಿರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವುದಾಗಿ ರಾಜ್ಯ ಸರ್ಕಾರವು 2023ರಲ್ಲಿ ಘೋಷಿಸಿತು. ಒಳ್ಳೆಯದೇ. ಆದರೆ ನಡುರಾತ್ರಿಯ ಜ್ವರಕ್ಕೆ ಏಳಬೇಕಾದವರು ಮನೆಯವರೇ. ಇದೆಲ್ಲ ಹೆಂಗಸರ ಕೆಲಸವೆಂದು ನಗುವ ಹಿರಿಯರಿದ್ದಾರೆ. ಅವರು ಒಂದು ದಿನ ಕೂಸಿಗೆ ಎರೆದು ನೋಡಲಿ.