ಯಾರ ಪಾಪ ಎಂಬ ಪ್ರಶ್ನೆಯನ್ನು ಬಿಡೋಣ

ಹುಟ್ಟುಕುರುಡನೊಬ್ಬನನ್ನು ಕಂಡ ಶಿಷ್ಯರು, ಇದು ಇವನ ಪಾಪದ ಫಲವೋ ಹೆತ್ತವರ ಪಾಪದ ಫಲವೋ ಎಂದು ಯೇಸುಸ್ವಾಮಿಯನ್ನು ಕೇಳಿದ ಪ್ರಸಂಗ ಸಂತ ಯೊವಾನ್ನರ ಶುಭಸಂದೇಶದ 9ನೇ ಅಧ್ಯಾಯದಲ್ಲಿದೆ. ಪ್ರಭುಗಳು ಎರಡನ್ನೂ ಅಲ್ಲಗಳೆದು ಅವನಿಗೆ ದೃಷ್ಟಿಯನ್ನು ದಯಪಾಲಿಸಿದರು. ಆದರೂ ನಮ್ಮ ಮಲೆನಾಡಿನ ಮನೆಗಳಲ್ಲಿ ಆ ಪ್ರಶ್ನೆ ಇನ್ನೂ ಉಳಿದಿದೆ. ನ್ಯೂನತೆಯುಳ್ಳ ಮಗು ಹುಟ್ಟಿದರೆ ಸೊಸೆಯ ತವರಿನ ವಂಶಾವಳಿ ಚರ್ಚೆಗೆ ಬರುತ್ತದೆ. ಗ್ರಹಣ, ಕೆಟ್ಟ ದೃಷ್ಟಿ, ತೀರಿಸದ ಹರಕೆ ಎಲ್ಲವೂ ನೆನಪಾಗುತ್ತವೆ. ವೈದ್ಯರ ನೆನಪಾಗುವುದು ಕಟ್ಟಕಡೆಗೆ.

ಕಾರಣ ಬೇರೆ, ಅಪರಾಧ ಬೇರೆ ಎಂಬುದು ತತ್ತ್ವಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಕಾರಣವನ್ನು ಅರಸಿದವನಿಗೆ ಪರಿಹಾರದ ದಾರಿ ಕಾಣಬಹುದು. ಅಪರಾಧಿಯನ್ನು ಅರಸಿದರೆ ಮನೆ ಒಡೆಯುತ್ತದೆ, ಮಗುವಿಗೆ ಏನೂ ದಕ್ಕುವುದಿಲ್ಲ.

1941ರಲ್ಲಿ ಆಸ್ಟ್ರೇಲಿಯಾದ ನೇತ್ರವೈದ್ಯ ನಾರ್ಮನ್ ಗ್ರೆಗ್ ಅವರು, ಹುಟ್ಟಿನಿಂದಲೇ ಕಣ್ಣಿನಲ್ಲಿ ಪೊರೆಯಿದ್ದ ಹಸುಳೆಗಳ ತಾಯಂದಿರಲ್ಲಿ ಬಹುತೇಕರಿಗೆ ಗರ್ಭಧಾರಣೆಯ ಆರಂಭದಲ್ಲಿ ರುಬೆಲ್ಲಾ ತಗುಲಿತ್ತೆಂದು ಲೋಕಕ್ಕೆ ತಿಳಿಸಿದರು. ಮಕ್ಕಳಲ್ಲಿ ಸಣ್ಣ ಜ್ವರ, ಮೂರು ದಿನದ ಗುಳ್ಳೆಯಾಗಿ ಮಾಯವಾಗುವ ಈ ಸೋಂಕು, ಗರ್ಭಸ್ಥ ಶಿಶುವಿನ ಕಣ್ಣು, ಕಿವಿ, ಹೃದಯಗಳನ್ನು ಕೆಡಿಸಬಲ್ಲದು. ಅದನ್ನು ತಡೆಯುವ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನವು ಕರ್ನಾಟಕದಲ್ಲಿ 2017ರ ಫೆಬ್ರವರಿಯಲ್ಲಿ ನಡೆದಾಗ, ಇಲ್ಲಸಲ್ಲದ ವದಂತಿಗಳನ್ನು ನಂಬಿ ಹಿಂಜರಿದ ತಂದೆತಾಯಿಯರಿದ್ದರು. ತನ್ನ ಮಗುವಿಗೆ ಲಸಿಕೆ ಹಾಕಿಸುವವನು ಪಕ್ಕದ ಮನೆಯ ಗರ್ಭಿಣಿಯ ಕೂಸನ್ನೂ ಕಾಯುತ್ತಾನೆ. ನೆರೆಯವರನ್ನು ಪ್ರೀತಿಸುವ ಆಜ್ಞೆಗೆ ಇದಕ್ಕಿಂತ ಸರಳವಾದ ಪಾಲನೆ ಯಾವುದು?

ಇನ್ನು ಕೆಲವು ದೋಷಗಳು ಕಣ್ಣಿಗೇ ಕಾಣುವುದಿಲ್ಲ. ನಮ್ಮ ದೇಶದಲ್ಲಿ ಸುಮಾರು ಸಾವಿರ ಶಿಶುಗಳಲ್ಲಿ ಒಂದಕ್ಕೆ ಥೈರಾಯ್ಡ್ ಗ್ರಂಥಿ ಹುಟ್ಟಿನಿಂದಲೇ ಸರಿಯಾಗಿ ಕೆಲಸ ಮಾಡುವುದಿಲ್ಲ. ಅಂತಹ ಕೂಸು ಹೆಚ್ಚು ಅಳದೆ, ಸದಾ ನಿದ್ರಿಸುತ್ತಿರಬಹುದು. ಎಷ್ಟು ಸಾಧು ಮಗು ಎಂದು ಅಜ್ಜಿಯಂದಿರು ಹಿಗ್ಗುತ್ತಾರೆ. ಹುಟ್ಟಿದ ಎರಡು ಮೂರು ದಿನಗಳ ಬಳಿಕ ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತ ಸತ್ಯವನ್ನು ಹೇಳಬಲ್ಲದು. ಎರಡು ವಾರಗಳೊಳಗೆ ದಿನಕ್ಕೊಂದು ಅಗ್ಗದ ಮಾತ್ರೆ ಆರಂಭವಾದರೆ ಬುದ್ಧಿಯ ಬೆಳವಣಿಗೆಗೆ ರಕ್ಷಣೆಯುಂಟು. ತಿಂಗಳುಗಳು ಕಳೆದರೆ ಆದ ಹಾನಿಯನ್ನು ಪೂರ್ತಿಯಾಗಿ ಸರಿಪಡಿಸಲಾಗದು. ಕಣ್ಣಿನ ದಟ್ಟ ಪೊರೆಯನ್ನೂ ಮೊದಲ ಕೆಲವು ವಾರಗಳಲ್ಲೇ ತೆಗೆಸಬೇಕು. ತಡವಾದರೆ ನೋಡುವುದನ್ನು ಮಿದುಳು ಕಲಿಯುವುದಿಲ್ಲ.

ಪರೀಕ್ಷೆ ಎಂದೊಡನೆ ಕೆಲವು ಭಕ್ತರು ಅಂಜುತ್ತಾರೆ. ಗರ್ಭದಲ್ಲೇ ದೋಷ ಕಂಡು ಜೀವವನ್ನು ಕಳೆಯುವ ದಾರಿಯನ್ನು ಧರ್ಮಸಭೆ ಒಪ್ಪುವುದಿಲ್ಲ, ನಿಜ. ಆದರೆ ಉಳಿಸಲೆಂದು ತಿಳಿಯುವುದು ಬೇರೆ, ಅಳಿಸಲೆಂದು ತಿಳಿಯುವುದು ಬೇರೆ. ಜೀವದ ಪರ ಮಾತನಾಡುವ ನಾವು, ಹುಟ್ಟಿದ ಜೀವಕ್ಕೆ ಚಿಕಿತ್ಸೆ ತಡಮಾಡಿದರೆ ನಮ್ಮ ಮಾತಿಗೆ ತೂಕವೆಲ್ಲಿ?

ಇದು ಹೆತ್ತವರೊಬ್ಬರ ಹೊಣೆಯಲ್ಲ. ದೇವರಮನೆಯ ಆಸುಪಾಸಿನ ತೋಟದ ಲೈನ್‌ಮನೆಯಿಂದ ಹಸುಗೂಸನ್ನು ಎತ್ತಿಕೊಂಡು ಮೂಡಿಗೆರೆಗೋ ಚಿಕ್ಕಮಗಳೂರಿಗೋ ಹೋಗುವ ತಾಯಿ ಒಂದು ದಿನದ ಕೂಲಿಯನ್ನು ಕಳೆದುಕೊಳ್ಳುತ್ತಾಳೆ. ಆಷಾಢದ ಮಳೆಯಲ್ಲಿ ವಾಹನವೂ ಸಿಗದು. ತೋಟವುಳ್ಳ ನಮ್ಮ ಕುಟುಂಬಗಳು ಆ ದಿನದ ಸಂಬಳವನ್ನೂ ಒಂದು ಜೀಪನ್ನೂ ಕೊಡಲಾರವೇ? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ, ಹುಟ್ಟಿನಿಂದ 18 ವರ್ಷದವರೆಗೆ ಇಂತಹ ದೋಷಗಳ ತಪಾಸಣೆಯೂ ಚಿಕಿತ್ಸೆಯೂ ಉಚಿತವಾಗಿವೆ. ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿಯನ್ನೋ ವಿಚಾರಿಸಿರಿ.

ಜ್ಞಾನಸ್ನಾನಕ್ಕೆ ಹೆಸರು ಬರೆಸಲು ಬರುವವರ ತಾಯಿ ಕಾರ್ಡನ್ನು ಗುರುಗಳೂ ಒಮ್ಮೆ ನೋಡಲಿ. ಜ್ಞಾನತಂದೆ, ಜ್ಞಾನತಾಯಿಯರು ಬೆಳ್ಳಿಯ ಉಡುಗೊರೆಯೊಡನೆ, ಮಗುವಿನ ಕಣ್ಣು, ಕಿವಿ, ರಕ್ತದ ತಪಾಸಣೆ ಆಯಿತೇ ಎಂದು ಕೇಳುವ ಪ್ರೀತಿಯನ್ನೂ ತರಲಿ.